ಶಂಖದ ಮಡಿ

ಸಾಲಿಗ್ರಾಮಗಳನ್ನು ಕೂಡಿಹಾಕುವುದರಲ್ಲಿ ಬಿಂದಾಚಾರ್ಯರಿಗೆ ಸಾಟಿ ಇರಲಿಲ್ಲ. ಅವರು ಜ್ವರದಿಂದ ಹಾಸಿಗೆ ಹಿಡಿದ ಮೇಲೆ, ಪೀಠದ ತುಂಬ ಕೂತಿದ್ದ ಆ ಕರಿಕಲ್ಲುಗಳಿಗೆ ಅಭಿಷೇಕವೇ ನಿಂತುಹೋಯಿತು. ಹೆಂಡತಿ ತುಳಸಾಬಾಯಿ ದಿನವೂ ಮಡಿಯುಟ್ಟು ನೀರು ಸೇದಿ ತಂದು, ಕೊಡವನ್ನು ಪೀಠದ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಒಂದು ದಿನ ತಡೆಯಲಾರದೆ ಕಲ್ಲುಗಳತ್ತ ಕೈ ಚಾಚಿದರು.

"ದೂರ!" ಎಂದು ಪೂಜೆಯ ಶಂಖ ಗದರಿತು. "ಹೆಂಗಸು ಮುಟ್ಟಿದರೆ ಸಾಲಿಗ್ರಾಮಕ್ಕೆ ಮೈಲಿಗೆ."

ಚಾಚಿದ ಕೈ ಹಿಂದೆ ಸರಿಯಿತು. ಎಲ್ಲಕ್ಕಿಂತ ಹಳೆಯ ಸಾಲಿಗ್ರಾಮಕ್ಕೆ ರೇಗಿಹೋಯಿತು.

"ಬಾಯಿ ಮುಚ್ಚು! ನಿನ್ನ ಹೊಟ್ಟೆ ತುಂಬುವ ನೀರನ್ನು ಸೇದಿದವರು ಯಾರು? ನಮ್ಮ ನೈವೇದ್ಯ ಬೇಯಿಸಿದವರು ಯಾರು? ಆಗೆಲ್ಲ ಇಲ್ಲದ ಮೈಲಿಗೆ ಈಗ ಎಲ್ಲಿಂದ ವಕ್ಕರಿಸಿತು?"

"ಹಿಂದಿನಿಂದ ಬಂದ ಪದ್ಧತಿ," ಎಂದಿತು ಶಂಖ.

"ಅದಕ್ಕೂ ಹಿಂದೆ ಗಂಡಕಿ ನದಿ ನಮ್ಮನ್ನು ಮಡಿಲಲ್ಲಿ ಹೊರಳಿಸಿ ಹೊರಳಿಸಿ ನುಣುಪು ಮಾಡಿದಳು. ಅವಳೇನು ಗಂಡಸೇ? ಮುಟ್ಟಬೇಡ ಅಂತ ಹೋಗಿ ಅವಳಿಗೆ ಹೇಳು!"

ಹೀಗೆಂದು ಆ ಕಲ್ಲು ಪೀಠದಿಂದ ಉರುಳಿ ಕೊಡದೊಳಗೆ ಬಿತ್ತು. ಅದರ ಹಿಂದೆಯೇ ಉಳಿದವೆಲ್ಲ ದುಡುಮ್ ದುಡುಮ್ಮೆಂದು ಧುಮುಕಿದವು.

ತುಳಸಾಬಾಯಿ ಸೆರಗು ಸಿಕ್ಕಿಸಿಕೊಂಡು ಎರಡೂ ಕೈಗಳನ್ನು ನೀರಿಗಿಳಿಸಿದರು. ಪೀಠದ ಮೇಲೆ ಶಂಖವೊಂದೇ ಮಡಿಯಾಗಿ ಉಳಿಯಿತು, ಹನಿ ನೀರಿಲ್ಲದೆ.