ಎರಡು ಮರಗಳ ನಡುವಿನ ಕಾಲುವೆ

"ಗುರುಗಳೇ, ಪ್ರೀತಿಸಿದ್ದನ್ನು ಕಾಯುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆ ಏಕೆ ಬಂತು ಎಂದು ಗುರು ವಿಚಾರಿಸಿದರು. ಶಿಷ್ಯ ಹಿಂಜರಿಯುತ್ತಲೇ ಹೇಳಿದ. ಹನ್ನೆರಡು ವರ್ಷಗಳಿಂದ ಬೆಳಗಿನ ಪಾಠಕ್ಕೆ ಗುರುಗಳ ಎದುರು ಕೂರುತ್ತಿದ್ದವನು ಅವನೊಬ್ಬನೇ. ಈಚೆಗೆ ಒಬ್ಬ ನೇಕಾರ ಬರತೊಡಗಿದ್ದ. ಗುರುಗಳು ಅವನ ಮಾತಿಗೆ ನಗುವುದೂ ಉಂಟು. ನಾಲ್ಕು ದಿನಗಳಿಂದ ಶಿಷ್ಯ ಆ ನೇಕಾರನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ. ಜಗಲಿಯಲ್ಲಿ ಅವನಿಗೆಂದು ಹಾಸಿರುತ್ತಿದ್ದ ಎರಡನೆಯ ಚಾಪೆಯನ್ನು ದಿನವೂ ಸುತ್ತಿ ಒಳಗಿಟ್ಟಿದ್ದ. ಗುರುಗಳ ಹೊತ್ತು ಹಾಳಾಗಬಾರದೆಂದು ಹಾಗೆ ಮಾಡಿದೆ ಎಂದ.

ಗುರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನ ಸ್ಮಶಾನದಲ್ಲಿ ಕಲ್ಲುಗಾರೆಯ ಸಮಾಧಿಗಳು ತುಂಬಿಹೋಗಿದ್ದವು. ಹೊಸ ಗುಂಡಿ ತೋಡಲು ಹೋದರೆ ಹಾರೆ ಯಾರದೋ ಹಳೆಯ ಸಮಾಧಿಗೆ ತಾಗುತ್ತಿತ್ತು. ರೈತನ ಹೆಂಡತಿ ಕಾಯಿಲೆ ಬಿದ್ದಾಗ, ನನ್ನ ಮೇಲೆ ಕಲ್ಲು ಹೇರಬೇಡಿ, ಒಂದು ಹಲಸಿನ ಸಸಿ ನೆಟ್ಟರೆ ಸಾಕು ಎಂದಳು. ಅವಳು ತೀರಿಕೊಂಡಾಗ ರೈತ ಕೆರೆಯ ಮೇಲಿನ ತನ್ನ ಇಳಿಜಾರು ಹೊಲದಲ್ಲಿ ಅವಳನ್ನು ಹೂಳಿ ಹಾಗೆಯೇ ಮಾಡಿದ.

ಮರುವಾರ ಆ ಹೊಲವನ್ನೇ ಊರಿಗೆ ಬಿಟ್ಟುಕೊಟ್ಟ. ಕಟ್ಟಳೆಗಳನ್ನೂ ಅವನೇ ಮಾಡಿದ. ಹೆಣವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತರಬೇಕು, ಪೆಟ್ಟಿಗೆ ಕೂಡದು. ಗುಂಡಿ ಎದೆಯಾಳವಿದ್ದರೆ ಸಾಕು, ಅದಕ್ಕಿಂತ ಕೆಳಗಿನ ಮಣ್ಣಿನಲ್ಲಿ ಜೀವವಿಲ್ಲ. ಉಪ್ಪು ಸುರಿಯಬಾರದು, ಸಸಿ ಬದುಕುವುದಿಲ್ಲ. ಮರ ಹರಡಲು ಗುಂಡಿಯಿಂದ ಗುಂಡಿಗೆ ಎರಡು ಮಾರು ಬಿಡಬೇಕು. ಕಲ್ಲಿಲ್ಲ, ಹೆಸರಿಲ್ಲ. ಇನ್ನೊಂದು, ಯಾರೂ ಮೊದಲೇ ಜಾಗ ಹಿಡಿಯುವಂತಿಲ್ಲ. ಯಾವ ಕುಲದವರಾದರೂ ಸರಿ, ಮುಂದೆ ಸತ್ತವರಿಗೆ ಮುಂದಿನ ಗುಂಡಿ.

ಹೆಂಡತಿಯ ಗುಂಡಿಯ ಒಂದು ಪಕ್ಕಕ್ಕೆ ಬಂಡೆಯಿತ್ತು. ಇನ್ನೊಂದು ಪಕ್ಕ ಖಾಲಿ. ಒಂದು ವರ್ಷ ಯಾರೂ ಬರಲಿಲ್ಲ. ಇವನು ನಮ್ಮನ್ನೆಲ್ಲ ಗೊಬ್ಬರ ಮಾಡಲು ಹೊರಟಿದ್ದಾನೆ ಎಂದು ಜನ ಆಡಿಕೊಂಡರು. ರೈತ ಹೊರಗೆ ಬೇಸರ ತೋರಿಸಿದ, ಒಳಗೆ ಹಿಗ್ಗಿದ. ಅವಳ ಪಕ್ಕದ ಜಾಗ ತನಗೇ ಉಳಿಯುತ್ತದೆ ಎಂದುಕೊಂಡ.

ವರ್ಷ ತುಂಬುವ ಹೊತ್ತಿಗೆ ಮೊದಲ ಹೆಣ ಬಂತು. ಅದು ಊರಿನ ಬಟ್ಟೆ ವ್ಯಾಪಾರಿಯದು.

ಈ ವ್ಯಾಪಾರಿ ಹರೆಯದಲ್ಲಿ ರೈತನ ಹೆಂಡತಿಯನ್ನು ಮದುವೆಗೆ ಕೇಳಿದ್ದವನು. ಹಿರಿಯರು ಒಪ್ಪಿರಲಿಲ್ಲ. ಆಮೇಲೆ ಅವಳು ಅಂಗಡಿಗೆ ಹೋದಾಗಲೆಲ್ಲ ಅಳತೆಗಿಂತ ಒಂದು ಗೇಣು ಹೆಚ್ಚು ಬಿಟ್ಟು ಬಟ್ಟೆ ಕತ್ತರಿಸುತ್ತಿದ್ದ. ಅವಳು ನೀರಿಗೆ ಹೋದಾಗ ರೈತ ಆ ಬಟ್ಟೆಯನ್ನು ತೆಗೆದು ತನ್ನ ಗೇಣಿನಿಂದ ಅಳೆದು ನೋಡುತ್ತಿದ್ದ. ಹೆಚ್ಚಾದ ತುಂಡಿನಲ್ಲಿ ಅವಳು ಗಂಡನಿಗೇ ಎಲೆಯಡಿಕೆ ಚೀಲ ಹೊಲಿದುಕೊಡುತ್ತಿದ್ದಳು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅವನು ಇಪ್ಪತ್ತು ವರ್ಷ ಅಳೆದ. ಒಮ್ಮೆಯೂ ಅವಳನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿರಲಿಲ್ಲ.

ವ್ಯಾಪಾರಿಯ ಮಗ ಕೈಮುಗಿದು, ಇಲ್ಲೇ ಮಣ್ಣು ಮಾಡಿ ಎಂದು ಅಪ್ಪ ಹೇಳಿಹೋಗಿದ್ದಾರೆ ಎಂದ. ರೈತ ಹೊಲದ ಮೇಲಿನ ಮೂಲೆಯನ್ನು ತೋರಿಸಿದ. ಹೆಂಡತಿಯ ಪಕ್ಕದಲ್ಲಿ ಏಕಾಗದು ಎಂದು ಯಾರೋ ಕೇಳಿದಾಗ, ಅಲ್ಲಿ ನೆಲದಡಿ ಬಂಡೆಯಿದೆ ಎಂದ. ಗುಂಡಿ ತೋಡುವ ಮುದುಕ ಪಕ್ಕದಲ್ಲೇ ನಿಂತಿದ್ದ. ಅವನು ಹಾರೆಯನ್ನೆತ್ತಿ ಆ ಜಾಗದಲ್ಲಿ ಊರಿದ. ಅದು ಮೊಳದುದ್ದ ಒಳಗಿಳಿಯಿತು.

"ಬಲು ಮೆತ್ತನೆಯ ಬಂಡೆ, ಯಜಮಾನರೇ" ಎಂದ ಮುದುಕ.

ಹೆಣದ ಮುಂದೆಯೂ ಒಬ್ಬಿಬ್ಬರು ನಕ್ಕರು. ಕಟ್ಟಳೆ ತನ್ನದೇ ಆದ್ದರಿಂದ ರೈತ ಎರಡು ಮಾತಾಡುವಂತಿರಲಿಲ್ಲ. ವ್ಯಾಪಾರಿಯನ್ನು ಅಲ್ಲಿಯೇ ಹೂಳಿದರು. ಮಗ ಬೇವಿನ ಸಸಿ ನೆಟ್ಟ.

ಬೇವು ಬೇಗ ಬೆಳೆಯಿತು. ಗಾಳಿ ಬೀಸಿದಾಗ ಅದರ ಒಂದು ಕೊಂಬೆ ಹಲಸಿನ ಎಲೆಗೆ ತಾಗುತ್ತಿತ್ತು. ರೈತ ಆ ಕೊಂಬೆಯನ್ನು ಕಡಿದುಹಾಕಿದ. ನೆಲದ ಮೇಲಿನದೇನೋ ಕಾಣುತ್ತದೆ, ಕೆಳಗೆ ನಡೆಯುವುದನ್ನು ಯಾರು ಕಂಡರು ಎಂಬ ಯೋಚನೆ ಆಮೇಲೆ ಅವನನ್ನು ಹಿಡಿಯಿತು. ಮಳೆನೀರು ಬಸಿದುಹೋಗಲಿ ಎಂದು ಊರವರಿಗೆ ಹೇಳಿ, ಎರಡು ಮರಗಳ ನಡುವೆ ಆಳು ಇಳಿಯುವಷ್ಟು ಕಾಲುವೆ ತೆಗೆದ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಅದರೊಳಗಿಳಿದು, ಅಡ್ಡ ಬಂದ ಬೇರುಗಳನ್ನೆಲ್ಲ ಕೊಡಲಿಯಿಂದ ಕಡಿಯುತ್ತಿದ್ದ. ಆ ಕೆಲಸಕ್ಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

"ಸತ್ತ ಮೇಲೂ ಗೇಣು ಗೇಣಾಗಿ ಬರುತ್ತೀಯಾ?" ಎಂದು ಪ್ರತಿ ಏಟಿಗೂ ವ್ಯಾಪಾರಿಯನ್ನು ಬೈಯುತ್ತಿದ್ದ.

ಮೇಲೆ ಹತ್ತಿ ಬಂದಾಗ ಅವನ ಅಂಗೈ ಅಂಟಂಟಾಗಿರುತ್ತಿತ್ತು. ಮನೆಗೆ ಹೋಗಿ ಎಣ್ಣೆ ಹಚ್ಚಿ ಉಜ್ಜಿ ತೊಳೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಜನರ ಅಂಜಿಕೆ ಹೋಗಿತ್ತು. ಹೊಲ ಸಾಲು ಸಾಲಾಗಿ ತುಂಬುತ್ತ ಬಂತು. ನೆರೆಯೂರಿನವರು ಬಂದು ಕಟ್ಟಳೆಗಳನ್ನು ಬರೆದುಕೊಂಡು ಹೋದರು. ರೈತ ಎಲ್ಲರ ಹೆಣಕ್ಕೂ ಹೆಗಲು ಕೊಟ್ಟ, ಎಲ್ಲ ಸಸಿಗಳಿಗೂ ಕೆರೆಯಿಂದ ನೀರು ಹೊತ್ತ. ಬೇವಿಗೆ ಮಾತ್ರ ಒಂದು ಹನಿ ಹಾಕಲಿಲ್ಲ.

ಹತ್ತನೆಯ ವರ್ಷ ಹಲಸು ತುದಿಯಿಂದ ಒಣಗತೊಡಗಿತು. ಬೇವು ಹಸಿರಾಗಿಯೇ ಇತ್ತು. ರೈತ ಮುದುಕನನ್ನು ಕರೆಸಿ, ಆ ಬೇವನ್ನು ಬುಡಸಮೇತ ಕಿತ್ತುಹಾಕು, ಅದರ ಬೇರು ನನ್ನವಳ ಮರವನ್ನು ಹಿಂಡುತ್ತಿದೆ ಎಂದ. ಮುದುಕ ನೋಡುತ್ತೇನೆಂದು ಕಾಲುವೆಗೆ ಇಳಿದ. ಹಿಂದಿನ ದಿನ ರೈತ ಕಡಿದಿದ್ದ ಬೇರೊಂದನ್ನು ಮುಟ್ಟಿದ. ಬೆರಳಿಗೆ ಬೆರಳು ಅಂಟಿಸಿ ಬಿಡಿಸಿ ನೋಡಿದ.

"ಯಜಮಾನರೇ, ಬೇವಿಗೆ ಹಾಲು ಬರುತ್ತದೆಯೇ?"

ಮುದುಕ ಅಂಟಿದ ಬೆರಳುಗಳನ್ನು ಮೇಲೆತ್ತಿ ತೋರಿಸಿದ.

"ಇದು ಹಲಸಿನ ಸೊನೆ. ಇಲ್ಲಿ ಕಡಿದಿರುವುದೆಲ್ಲ ಅಮ್ಮನವರ ಮರದ ಬೇರು, ಆ ಕಡೆಗೆ ಹೊರಟದ್ದು. ಈ ಕಡೆ ಬಂಡೆ. ಪಾಪ, ಇನ್ನೆಲ್ಲಿಗೆ ಹೋದೀತು? ಬೇವಿನದು ಒಂದೂ ಇತ್ತ ಬಂದಿಲ್ಲ."

ರೈತ ತನ್ನ ಅಂಗೈಯನ್ನು ನೋಡಿಕೊಂಡ. ಅಂದೇ ಕಾಲುವೆಯನ್ನು ಮುಚ್ಚಿದ. ಹಲಸು ಮತ್ತೆ ಚಿಗುರಲಿಲ್ಲ. ಕೆಲವು ವರ್ಷಗಳ ಮೇಲೆ ಅವನು ಸತ್ತಾಗ, ಕಟ್ಟಳೆಯಂತೆ, ಅವನಿಗೆ ಸಿಕ್ಕಿದ್ದು ಹೊಲದ ಆ ತುದಿಯ ಕೊನೆಯ ಸಾಲು.

ಗುರು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ವರ್ಷ ವರ್ಷವೂ ಹಲಸಿನ ಅಂಟು ಕೈಗೆ ಹತ್ತಿದೆ. ರೈತನಾಗಿ ಹುಟ್ಟಿದವನಿಗೆ ಅಷ್ಟು ಗೊತ್ತಾಗಲಿಲ್ಲವೇ? ಎಂಥ ಕುರುಡ ಅವನು" ಎಂದ.

ಗುರು ಹೇಳಿದರು: "ನೀನು ನಾಲ್ಕು ದಿನ ಸುತ್ತಿಟ್ಟ ಆ ಚಾಪೆಯನ್ನು ದಿನವೂ ಹಾಸಿದವನು ನಾನು."