ಒದ್ದೆ ಕಾಗದ

"ಮದರ್, ದಿನಕ್ಕೆ ಎಷ್ಟು ಸಲ ಆತ್ಮಶೋಧನೆ ಮಾಡಿಕೊಂಡರೆ ಮನಸ್ಸು ಶುದ್ಧವಾಗುತ್ತದೆ?"

ಕೇಳಿದವಳು ಎಮಿಲ್ಡಾ. ಕಾನ್ವೆಂಟಿಗೆ ಸೇರಿ ಅವಳಿಗೆ ಒಂದೂವರೆ ವರ್ಷವಾಗಿತ್ತು. ಇನ್ನು ಆರು ತಿಂಗಳು ಕಳೆದರೆ ಅವಳು ಮೊದಲ ವ್ರತಗಳನ್ನು ಸ್ವೀಕರಿಸಬೇಕು. ಅಲ್ಲಿಯವರೆಗೆ ಅವಳು ನವಶಿಷ್ಯೆ. ನವಶಿಷ್ಯೆಯರನ್ನು ತಿದ್ದುವ ಹೊಣೆ ಮದರ್ ಸೆರಾಫಿನಾ ಅವರದು. ಅದಕ್ಕೆ ಮೊದಲು ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿದ್ದರು.

"ನಮ್ಮ ನಿಯಮ ಎಷ್ಟು ಸಲ ಎನ್ನುತ್ತದೆ?" ಎಂದರು ಮದರ್.

"ಎರಡು ಸಲ. ನಾನು ಗಂಟೆಗೊಮ್ಮೆ ಮಾಡುತ್ತೇನೆ. ನೋಡಿದಾಗಲೆಲ್ಲ ಏನಾದರೊಂದು ಕಲೆ ಸಿಕ್ಕುತ್ತದೆ. ಅದಕ್ಕೆ ಪಶ್ಚಾತ್ತಾಪಪಟ್ಟು ಎದ್ದರೆ ಮುಂದಿನ ಗಂಟೆಗೆ ಇನ್ನೊಂದು. ಈ ವಾರ ಮೂರು ಸಲ ಪಾಪನಿವೇದನೆಗೆ ಹೋದೆ. ಮೂರನೆಯ ಸಲ ಫಾದರ್ ನಿಟ್ಟುಸಿರು ಬಿಟ್ಟರು." ಎಮಿಲ್ಡಾ ಮಂಡಿಯೂರಿದಳು. "ನಾನು ವ್ರತಕ್ಕೆ ಯೋಗ್ಯಳಲ್ಲ, ಮದರ್. ನನ್ನನ್ನು ಮನೆಗೆ ಕಳುಹಿಸಿಬಿಡಿ."

"ಕುಳಿತುಕೋ. ಬೆನ್ನು ನೆಟ್ಟಗಿರಲಿ," ಎಂದರು ಮದರ್. ಆಮೇಲೆ ಕತೆ ಹೇಳಿದರು.

ಕಡಲ ಬದಿಯ ಒಂದು ಊರಿನಲ್ಲಿ ಒಬ್ಬ ಕುಶಲಕರ್ಮಿಯಿದ್ದ. ಕಂಪ್ಯೂಟರುಗಳನ್ನು ಜೋಡಿಸುವುದು ಅವನ ಕಸುಬು. ಅವನ ಕೆಲಸ ಅಚ್ಚುಕಟ್ಟು. ಒಂದು ತಿರುಪನ್ನೂ ಅವನು ಅಡ್ಡಾದಿಡ್ಡಿ ಕೂರಿಸಿದವನಲ್ಲ.

ಅದೇ ಊರಿನಲ್ಲಿ ಒಬ್ಬ ಕಣ್ಣಿನ ವೈದ್ಯೆಯಿದ್ದಳು. ಅವಳಲ್ಲಿ ಒಂದು ದೊಡ್ಡ ಕಂಪ್ಯೂಟರಿತ್ತು. ಕಣ್ಣಿನ ಒಳಪದರದ ಚಿತ್ರಗಳನ್ನು ಅದು ಪರೀಕ್ಷಿಸಿ, ಮನುಷ್ಯನ ಕಣ್ಣಿಗೆ ಕಾಣದ ರೋಗವನ್ನು ತೋರಿಸುತ್ತಿತ್ತು. ಆದರೆ ಮೇ ತಿಂಗಳು ಬಂದರೆ ಅದು ಕಾದು ಕೆಂಡವಾಗುತ್ತಿತ್ತು. ಮೂರು ರೋಗಿಗಳನ್ನು ನೋಡುವಷ್ಟರಲ್ಲಿ ತಾನಾಗಿಯೇ ನಿಂತುಬಿಡುತ್ತಿತ್ತು. ಒಳಗಿದ್ದ ಫ್ಯಾನುಗಳ ಗಾಳಿ ಸಾಲುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ವೈದ್ಯೆ ಆ ಯಂತ್ರವನ್ನು ತಂದು ಕುಶಲಕರ್ಮಿಯ ಮೇಜಿನ ಮೇಲೆ ಇಡಿಸಿದಳು.

"ಶುಕ್ರವಾರ ಶಿಬಿರವಿದೆ. ದೂರದೂರದಿಂದ ಜನ ಬರುತ್ತಾರೆ. ಗುರುವಾರ ಸಂಜೆಗೆ ಇದು ಆಸ್ಪತ್ರೆಯಲ್ಲಿರಬೇಕು. ನೀರಿನಿಂದ ತಣಿಸುವ ಏರ್ಪಾಡು ನಿನಗೆ ಗೊತ್ತಂತೆ?"

"ಗೊತ್ತು ಡಾಕ್ಟ್ರೇ. ನನ್ನದೇ ಯಂತ್ರಕ್ಕೆ ಮಾಡಿಕೊಂಡಿದ್ದೇನೆ. ಬೇರೆಯವರದಕ್ಕೆ ಮಾಡಿಲ್ಲ."

"ಮಾಡು. ಇದು ಹೋದರೆ ಇನ್ನೊಂದು ಬರಲು ಮೂರು ತಿಂಗಳು ಬೇಕು. ನೆನಪಿರಲಿ," ಎಂದು ಹೇಳಿ ಅವಳು ಹೋದಳು.

ಆ ಕೊನೆಯ ಮಾತು ಅವನ ಎದೆಯಲ್ಲಿ ಕುಳಿತಿತು.

ನೀರಿನ ಏರ್ಪಾಡು ಕೇಳುವುದಕ್ಕೆ ಸರಳ. ಯಂತ್ರದ ಕಾಯುವ ಭಾಗಗಳ ಮೇಲೆ ತಾಮ್ರದ ಟೊಳ್ಳು ಬಿಲ್ಲೆಗಳನ್ನು ಕೂರಿಸಬೇಕು. ಅವುಗಳ ಮೂಲಕ ಕೊಳವೆಯಲ್ಲಿ ನೀರು ಹರಿಯಬೇಕು. ಆ ನೀರು ಬಿಸಿಯನ್ನು ಹೊತ್ತು ತಂದು, ಗಾಳಿಗೆ ಒಡ್ಡಿದ ರೇಡಿಯೇಟರಿನಲ್ಲಿ ಬಿಟ್ಟು, ತಣ್ಣಗಾಗಿ ಮತ್ತೆ ಅಲ್ಲಿಗೇ ಹೋಗಬೇಕು. ಒಂದು ಸಣ್ಣ ಪಂಪು ಅದನ್ನು ಸುತ್ತಿಸುತ್ತಿರುತ್ತದೆ. ಆದರೆ ನೀರೂ ವಿದ್ಯುತ್ತೂ ಅಲ್ಲಿ ಅಂಗುಲದ ದೂರದಲ್ಲಿರುತ್ತವೆ. ಯಂತ್ರ ನಡೆಯುತ್ತಿರುವಾಗ ಒಂದು ಹನಿ ತಪ್ಪಿ ಬಿದ್ದರೂ ಅದರ ಆಯುಸ್ಸು ಅಲ್ಲಿಗೆ ಮುಗಿಯಿತು.

ಕುಶಲಕರ್ಮಿ ಯಾವುದರಲ್ಲೂ ಅವಸರ ಮಾಡಲಿಲ್ಲ. ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಕಸ ಉಳಿದಿರುತ್ತದೆ. ಅದಕ್ಕೆ ಬಿಸಿನೀರು ತುಂಬಿ, ಕುಲುಕಿ, ಬಿಳಿಯ ಬೋಗುಣಿಗೆ ಸುರಿದು ನೋಡಿದ. ಕರಿಯ ಚುಕ್ಕೆಗಳು ಬಂದವು. ಒಂದು ಚುಕ್ಕೆಯೂ ಕಾಣದಾಗುವವರೆಗೆ ತೊಳೆದ. ಒಂಬತ್ತು ಸಲವಾಯಿತು. ಕೊಳವೆಗಳನ್ನು ಎರಡೆರಡು ಸಲ ಅಳೆದು ಒಂದೇ ಸಲ ಕತ್ತರಿಸಿದ. ಸಂದು ಸಂದಿಗೂ ರಬ್ಬರ್ ಉಂಗುರ ಕೂರಿಸಿ ಕೈಯಿಂದಲೇ ಬಿಗಿದ. ಇಕ್ಕಳ ಮುಟ್ಟಲಿಲ್ಲ. ಬೆರಳಿನ ಬಲ ಮುಗಿದಲ್ಲಿ ನಿಲ್ಲಬೇಕು, ಇಲ್ಲವಾದರೆ ಉಂಗುರ ಜಜ್ಜಿಹೋಗುತ್ತದೆ. ಇಂಥ ಸಂದುಗಳು ಒಟ್ಟು ಹದಿನಾಲ್ಕಿದ್ದವು. ಆಮೇಲೆ ಬಟ್ಟಿ ಇಳಿಸಿದ ಶುದ್ಧ ನೀರನ್ನು ತುಂಬಿದ. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಹೊರಬರಲೆಂದು ಯಂತ್ರವನ್ನು ಮಗುವನ್ನು ಎತ್ತಿಕೊಂಡಂತೆ ಅತ್ತ ಇತ್ತ ವಾಲಿಸಿದ.

ಇನ್ನುಳಿದದ್ದು ಪರೀಕ್ಷೆ. ಪ್ರತಿ ಸಂದಿನ ಕೆಳಗೂ ಒಂದೊಂದು ತುಂಡು ತೆಳು ಕಾಗದವಿಟ್ಟು, ಯಂತ್ರಕ್ಕೆ ವಿದ್ಯುತ್ತು ಕೊಡದೆ ಪಂಪೊಂದನ್ನೇ ಇಪ್ಪತ್ತನಾಲ್ಕು ಗಂಟೆ ಓಡಿಸಬೇಕು. ಎಲ್ಲಿ ಕಾಗದ ಒದ್ದೆಯಾಯಿತೋ ಅಲ್ಲಿ ಸೋರಿಕೆಯಿದೆ ಎಂದು ಅರ್ಥ. ಒಂದೂ ಒದ್ದೆಯಾಗದಿದ್ದರೆ ಯಂತ್ರಕ್ಕೆ ವಿದ್ಯುತ್ತು ಕೊಡಬಹುದು.

ಸೋಮವಾರ ಸಂಜೆ ಐದಕ್ಕೆ ಅವನು ಪಂಪನ್ನು ಓಡಿಸಿದ. ಕಾಗದಗಳು ಹಾರಬಾರದೆಂದು ಮಾಡಿನ ಫ್ಯಾನು ನಿಲ್ಲಿಸಿದ. ಧೂಳು ಬೀಳಬಾರದೆಂದು ಕಿಟಕಿಗಳನ್ನು ಮುಚ್ಚಿದ. ಗಂಟೆಗೊಮ್ಮೆ ಟಾರ್ಚು ಹಿಡಿದು, ಬಾಗಿ, ಹದಿನಾಲ್ಕು ಕಾಗದಗಳನ್ನೂ ಒಂದೊಂದಾಗಿ ನೋಡಿದ. ಕೆಲವು ಸಂದುಗಳ ಮೇಲೆ ಅವನಿಗೆ ನಂಬಿಕೆಯಿತ್ತು. ಒಂಬತ್ತನೆಯದರ ಮೇಲೆ ಇರಲಿಲ್ಲ. ಕೊಳವೆ ಅಲ್ಲಿ ತುಸು ಓರೆಯಾಗಿ ಬರುತ್ತಿತ್ತು. ಅದರ ಮುಂದೆ ಅವನು ಹೆಚ್ಚು ಹೊತ್ತು ಬಾಗುತ್ತಿದ್ದ.

ಮಂಗಳವಾರ ಹನ್ನೊಂದು ಗಂಟೆಗೆ ಒಂಬತ್ತನೆಯ ಕಾಗದದ ಮೇಲೆ ಕಾಸಿನಗಲ ಒದ್ದೆಯಿತ್ತು.

ಅವನು ಪಂಪು ನಿಲ್ಲಿಸಿದ. ನೀರು ಇಳಿಸಿದ. ಸಂದನ್ನು ಬಿಚ್ಚಿ ನೋಡಿದ. ಉಂಗುರದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೂ ಬದಲಾಯಿಸಿದ. ಒದ್ದೆ ಕಾಗದವನ್ನು ಒಲೆಗೆ ಹಾಕಿದ. ಮಧ್ಯಾಹ್ನ ಪರೀಕ್ಷೆ ಮೊದಲಿನಿಂದ ಶುರುವಾಯಿತು.

ಈಗ ಅವನು ಗಂಟೆಗೊಮ್ಮೆ ನೋಡುವುದನ್ನು ಬಿಟ್ಟು ಅರ್ಧ ಗಂಟೆಗೊಮ್ಮೆ ನೋಡತೊಡಗಿದ. ಉಂಡದ್ದು ರುಚಿಸಲಿಲ್ಲ. ಒಂಬತ್ತು ಸೋರಿದ ಮೇಲೆ ಮೂರನೆಯದನ್ನು ಹೇಗೆ ನಂಬುವುದು ಎನಿಸಿತು. ಎರಡನ್ನೂ ಒಂದೇ ದಿನ, ಒಂದೇ ಕೈಯಿಂದ ಬಿಗಿದದ್ದಲ್ಲವೇ? ಬುಧವಾರ ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಮೂರನೆಯ ಕಾಗದ ಒದ್ದೆ. ಮತ್ತೆ ನೀರು ಇಳಿಸಿದ. ಮತ್ತೆ ಬಿಚ್ಚಿದ. ಈ ಸಲ ಆತುರದಲ್ಲಿ ಕೊಳವೆಯ ತುದಿ ಗೀರಿತು. ಇದ್ದ ಇನ್ನೊಂದೇ ತುಂಡನ್ನು ಅಲ್ಲಿಗೆ ಹಾಕಬೇಕಾಯಿತು. ಆ ಕಾಗದವೂ ಒಲೆಗೆ ಹೋಯಿತು. ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಯಿತು.

ಬುಧವಾರ ಸಂಜೆ ನಾಲ್ಕಕ್ಕೆ ಒಂಬತ್ತನೆಯದು ಮತ್ತೆ ಒದ್ದೆಯಾಗಿತ್ತು.

ಕುಶಲಕರ್ಮಿ ಕಾಗದವನ್ನು ಕೈಯಲ್ಲಿ ಹಿಡಿದು ನಿಂತ. ಈಗ ಬಿಚ್ಚಿದರೆ ಹಾಕಲು ಒಂದೇ ಉಂಗುರ ಉಳಿದಿತ್ತು, ಕೊಳವೆಯ ತುಂಡು ಉಳಿದಿರಲಿಲ್ಲ. ಬಿಚ್ಚದಿದ್ದರೆ, ಶಿಬಿರದ ಜನರ ಎದುರಿನಲ್ಲೇ ಹನಿ ಬೀಳುತ್ತದೆ. ಅವನು ಇಕ್ಕಳಕ್ಕೆ ಕೈಹಾಕಿದ. ಬೆರಳಿನ ಬಲವನ್ನು ಅವನು ಈಗ ನಂಬುತ್ತಿರಲಿಲ್ಲ.

ಅಷ್ಟರಲ್ಲಿ ವೈದ್ಯೆ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಳು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು.

"ಏನು ಮಾರಾಯ, ಇದು ಕೋಣೆಯೋ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೋ? ಫ್ಯಾನು ಹಾಕಿದರೆ ಪಾಪ ಬರುತ್ತದಾ?"

"ಸೋರುತ್ತಿದೆ ಡಾಕ್ಟ್ರೇ. ಮೂರು ಸಲ ಸೋರಿತು. ನಿಮ್ಮ ಯಂತ್ರವನ್ನು ನಾನು ಹಾಳು ಮಾಡುತ್ತೇನೆ. ತೆಗೆದುಕೊಂಡು ಹೋಗಿ."

ಅವಳು ಅವನ ಕೈಯಿಂದ ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಆಮೇಲೆ ಅವನನ್ನು ನೋಡಿದಳು. ಅಂಗಿ ಬೆನ್ನಿಗೆ ಅಂಟಿತ್ತು. ಕೂದಲು ಈಗಷ್ಟೇ ಮಿಂದು ಬಂದಂತೆ ಒದ್ದೆಯಾಗಿತ್ತು. ಅವಳು ಕಾಗದದ ಒದ್ದೆಗೆ ಬೆರಳು ಒತ್ತಿ, ಆ ಬೆರಳನ್ನು ನಾಲಗೆಗೆ ಮುಟ್ಟಿಸಿದಳು.

"ನೀನು ಯಾವ ನೀರು ಹಾಕಿದ್ದು?"

"ಬಟ್ಟಿ ಇಳಿಸಿದ್ದು. ಅದಕ್ಕಿಂತ ಶುದ್ಧವಾದದ್ದು ಸಿಗುವುದಿಲ್ಲ."

"ಹಾಗಾದರೆ ಇದು ಉಪ್ಪಾಗಿದೆ ಯಾಕೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ, ಆ ಕ್ಷಣದಲ್ಲೇ, ಅವನ ಮೂಗಿನ ತುದಿಯಿಂದ ಇನ್ನೊಂದು ಹನಿ ಕಳಚಿ ಅವಳ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು.

ಇಷ್ಟಕ್ಕೆ ಅವನ ಭಯ ಹೋಗಬೇಕಿತ್ತು. ಹೋಗಲಿಲ್ಲ. "ಇದು ಬೆವರೇ ಇರಬಹುದು. ಮೊದಲಿನ ಎರಡು ಏನಾಗಿದ್ದವೋ," ಎಂದ.

"ಅವು ಎಲ್ಲಿವೆ?"

"ಸುಟ್ಟೆ."

ವೈದ್ಯೆ ಅವನೊಂದಿಗೆ ವಾದಿಸಲಿಲ್ಲ. ಹದಿನಾಲ್ಕು ಹೊಸ ಕಾಗದಗಳನ್ನು ತನ್ನ ಕೈಯಿಂದಲೇ ಇಟ್ಟಳು. ಅವನ ಕೈಯಿಂದ ಇಕ್ಕಳ ತೆಗೆದುಕೊಂಡಳು. ಅವನನ್ನು ತೋಳು ಹಿಡಿದು ಹೊರಗೆ ಕರೆದು ತಂದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡಳು. ಆಗ ಐದು ಗಂಟೆ.

"ನಾಳೆ ಐದಕ್ಕೆ ಬರುತ್ತೇನೆ. ಒಟ್ಟಿಗೆ ನೋಡೋಣ," ಎಂದಳು. ಹೊರಡುವ ಮೊದಲು ಅವಳೂ ಬೀಗವನ್ನು ಎರಡು ಸಲ ಎಳೆದು ನೋಡಿದಳು. ಯಂತ್ರ ಅವಳದು.

ಗುರುವಾರ ಕುಶಲಕರ್ಮಿ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ಪಂಪಿನ ಸದ್ದು ಕೇಳಿದ. ಸದ್ದು ಬದಲಾಯಿತೆಂದು ಒಮ್ಮೆ ಅನಿಸಿತು, ಬದಲಾಗಲಿಲ್ಲವೆಂದು ಒಮ್ಮೆ ಅನಿಸಿತು. ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗಿ ಬೀಗದ ಕೈ ಕೇಳಿದ. "ಕಣ್ಣು ತೋರಿಸುವುದಿದ್ದರೆ ಸರದಿಯಲ್ಲಿ ಕೂತುಕೋ," ಎಂದಳು ವೈದ್ಯೆ. ಎರಡು ಗಂಟೆಗೆ ಮತ್ತೆ ಹೋದ.

"ಒಂದೇ ಒಂದು ಸಲ, ಡಾಕ್ಟ್ರೇ. ದೂರದಿಂದ ನೋಡಿ ಬಂದುಬಿಡುತ್ತೇನೆ."

"ಮೂಗನ್ನು ಇಲ್ಲಿ ಬಿಟ್ಟು ಹೋಗುವುದಾದರೆ ಕೊಡುತ್ತೇನೆ."

ಸರದಿಯಲ್ಲಿ ಕುಳಿತಿದ್ದವರು ನಕ್ಕರು. ಅವನಿಗೆ ನಗು ಬರಲಿಲ್ಲ. ಆ ಮೂರು ಗಂಟೆಗಳು ಅವನಿಗೆ ಹಿಂದಿನ ಮೂರು ದಿನಗಳಿಗಿಂತ ದೀರ್ಘವಾದವು. ನೋಡುತ್ತಿದ್ದಾಗ ಕೊನೆಯಪಕ್ಷ ಕೈಗೊಂದು ಕೆಲಸವಿತ್ತು.

ಐದಕ್ಕೆ ಬಾಗಿಲು ತೆರೆಯಿತು. ಒಳಗೆ ಹೋಗುವ ಮೊದಲು ವೈದ್ಯೆ ಅವನ ತಲೆಗೆ ತುಂಡುಬಟ್ಟೆ ಕಟ್ಟಿದಳು. ಕಾಗದಗಳನ್ನು ಅವಳೇ ಒಂದೊಂದಾಗಿ ಎತ್ತಿ ಅವನ ಕೈಗೆ ಕೊಟ್ಟಳು. ಮೂರನೆಯದು ಒಣಗಿತ್ತು. ಒಂಬತ್ತನೆಯದನ್ನು ಅವನು ಎರಡೂ ಮಗ್ಗುಲು ನೋಡಿದ, ಕೆನ್ನೆಗೆ ಒತ್ತಿ ನೋಡಿದ. ಅದೂ ಒಣಗಿತ್ತು. ಹದಿನಾಲ್ಕೂ ಗರಿಗರಿಯಾಗಿದ್ದವು. ಅವನು ಯಂತ್ರಕ್ಕೆ ವಿದ್ಯುತ್ತು ಕೊಟ್ಟ. ಅದು ಸದ್ದಿಲ್ಲದೆ ಎದ್ದುಕೊಂಡಿತು. ಶುಕ್ರವಾರ ಶಿಬಿರ ಮುಗಿಯುವವರೆಗೆ ಅದು ಒಮ್ಮೆಯೂ ನಿಲ್ಲಲಿಲ್ಲ.

ಮದರ್ ಕತೆ ಮುಗಿಸಿದರು.

ಕತೆ ಎಮಿಲ್ಡಾಳಿಗೆ ಅರ್ಥವಾಗಿತ್ತು. ಅವಳು ತಲೆ ತಗ್ಗಿಸಿ ಒಮ್ಮೆ ನಕ್ಕೂಬಿಟ್ಟಳು. ಆದರೆ ಭಯ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದು ಇನ್ನೊಂದು ಬಾಗಿಲು ಹುಡುಕಿಕೊಂಡು ಬಂತು.

"ಮದರ್, ಅವನದು ಬೆವರಾಗಿತ್ತು. ಸರಿ. ಆದರೆ ನನ್ನಲ್ಲಿ ಇರುವುದೆಲ್ಲ ಬೆವರೇ ಎಂದು ಯಾರು ಹೇಳಬಲ್ಲರು? ಆ ಬೀಗ ಹಾಕಿದ ಕೋಣೆಯಲ್ಲಿ, ಯಾರೂ ನೋಡದಿರುವಾಗ, ಒಂಬತ್ತನೆಯ ಸಂದು ನಿಜವಾಗಿಯೂ ಸೋರಿದ್ದರೆ?"

"ಒರೆಸಿ, ಒಣಗಿಸಿ, ಮತ್ತೆ ಬಿಗಿಯುತ್ತಿದ್ದ. ವಿದ್ಯುತ್ತು ಕೊಡುವ ಮೊದಲು ಪರೀಕ್ಷೆಗೆಂದು ಒಂದು ದಿನ ಇಟ್ಟಿರುವುದೇ ಸೋರುವುದಿದ್ದರೆ ಆಗಲೇ ಸೋರಲಿ ಎಂದು. ವ್ರತಕ್ಕೆ ಮೊದಲಿನ ನಿನ್ನ ಈ ಎರಡು ವರ್ಷವೂ ಅದಕ್ಕೇ, ಮಗಳೇ."