ಮಾಳವ್ವನ ಕೊಂಡುಕುರಿಗಳು

ಬಹಳ ಹಿಂದಿನ ಮಾತು, ಯಾವ ಇಸವಿ ಎಂದು ಮಾತ್ರ ಕೇಳಬೇಡಿ. ಕರೇಕಲ್ಲು ಗುಡ್ಡದ ತಪ್ಪಲಲ್ಲಿ ಒಂದು ಕುರುಬರ ಹಟ್ಟಿ. ಆ ಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬ ಹೆಂಗಸು. ಗಂಡ ತೀರಿಹೋದ ಮೇಲೆ ಅಣ್ಣ ಬೀರಣ್ಣನ ಕುರಿ ಕಾಯ್ದುಕೊಂಡಿದ್ದಳಂತೆ.

ಆ ಗುಡ್ಡದಲ್ಲಿ ಕೊಂಡುಕುರಿಗಳಿದ್ದವು. ಹೆಸರಿಗಷ್ಟೇ ಕುರಿ, ನೋಡಲು ಜಿಂಕೆ. ಗಂಡಿಗೆ ನಾಲ್ಕು ಕೊಂಬು. ಬಲು ಪುಕ್ಕಲು ಪ್ರಾಣಿ. ಅದಕ್ಕೊಂದು ಚಾಳಿ. ತನ್ನದು ಅನ್ನಿಸಿದ ಜಾಗದಲ್ಲೇ ದಿನಾ ಬಂದು ಹಿಕ್ಕೆ ಹಾಕುತ್ತದೆ, ಬೇರೆಲ್ಲೂ ಹಾಕುವುದಿಲ್ಲ. ಬೇಟೆಯವರಿಗೆ ಇನ್ನೇನು ಬೇಕು? ಹಿಕ್ಕೆಯ ಗುಡ್ಡೆ ಕಂಡಲ್ಲಿ ಬಲೆ ಕಟ್ಟಿ ಕೂತರಾಯಿತು. ಹೀಗೇ ಗುಡ್ಡ ಬರಿದಾಗುತ್ತಾ ಬಂತಂತೆ.

ಒಂದು ಬೇಸಿಗೆ ಊರಗೌಡ ಬೇಟೆಗೆ ಬಂದ. ಬಲೆಗೆ ಸಿಕ್ಕ ಬಸುರಿ ಕೊಂಡುಕುರಿಯೊಂದು ಗಡಗಡ ನಡುಗುತ್ತಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಮಾಳವ್ವ ಅದನ್ನು ಕಂಡಳು. ಓಡಿಹೋಗಿ, ಸೊಂಟದ ಚೀಲದಲ್ಲಿದ್ದ ಬೀರಪ್ಪ ದೇವರ ಭಂಡಾರ, ಅಂದರೆ ಅರಿಸಿನದ ಪುಡಿ, ತೆಗೆದು ಅದರ ಹಣೆಗೆ ಬಳಿದೇಬಿಟ್ಟಳಂತೆ. "ಬೀರಪ್ಪನಾಣೆ ಗೌಡ್ರೇ, ಈ ಗುಡ್ಡದಾಗಿನ ಕೊಂಡುಕುರಿ ಎಲ್ಲಾ ನನ್ನವು" ಅಂದಳಂತೆ. ಭಂಡಾರ ಬಿದ್ದ ಕುರಿಯ ಮೇಲೆ ಯಾರು ಕೈಮಾಡುತ್ತಾರೆ? ಗೌಡ ಹೆದರಿ ಬಲೆ ಬಿಚ್ಚಿಸಿದ.

ಗೌಡನೇನೋ ಹೋದ, ಹಟ್ಟಿಗೆ ನಡುಕ ಹತ್ತಿತು. ಭಂಡಾರ ಹಿಡಿದು ಸುಳ್ಳಾಣೆ ಮಾಡಿದರೆ ಹಟ್ಟಿಯ ಮಂದೆಗೇ ಕೇಡು ಎಂಬ ನಂಬಿಕೆ. ಬೀರಣ್ಣ ಕಣ್ಣೊರೆಸಿಕೊಂಡು, ಅವು ನಿನ್ನವೇ ಆದರೆ ನೀನೇ ಸಾಕಿಕೋ, ಅವು ನಿನ್ನ ಹತ್ತಿರ ಬಂದು ಆಣೆ ನಿಜವಾದ ದಿನ ಮನೆಗೆ ಬಾ ಅಂದನಂತೆ.

ಮಾಳವ್ವ ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಳು. ಕುರಿ ತನ್ನದು ಅಂದಮೇಲೆ ನೀರು ಕಾಣಿಸಬೇಕಲ್ಲ? ಬೇಸಿಗೆ ಬಂದರೆ ದೂರದ ಒರತೆಯಿಂದ ಕೊಡ ಹೊತ್ತು ತಂದು ಬಂಡೆಯ ದೊಣೆ ತುಂಬಿಸುತ್ತಿದ್ದಳಂತೆ. ಮನುಷ್ಯರ ಕಣ್ಣು ಬಿದ್ದರೆ ಅವು ನೀರು ಮುಟ್ಟುವುದಿಲ್ಲ. ಅದಕ್ಕೇ ಹೊಯ್ದವಳು ತಿರುಗಿ ನೋಡದೆ ಬರುತ್ತಿದ್ದಳು. ಕರೆದಳು, ಒಂದೂ ಬರಲಿಲ್ಲ. ತಲೆ ನೆರೆಯಿತು, ಬೆನ್ನು ಬಾಗಿತು, ಆಗಲೂ ಬರಲಿಲ್ಲ. ನನ್ನಾಣೆ ಸುಳ್ಳೇ ಏನೋ ಎಂದು ಒಬ್ಬಳೇ ಕೊರಗುತ್ತಿದ್ದಳಂತೆ, ಪಾಪ.

ಕಡೆಗೆ ಹಾಸಿಗೆ ಹಿಡಿದಳು. ಸುದ್ದಿ ಕೇಳಿದ ಬೀರಣ್ಣ ತಡೆಯಲಾರದೆ ಬೆಳ್ಳಂಬೆಳಿಗ್ಗೆ ಅಂಬಲಿ ತಂದವನು ಹೊಸಿಲ ಬಳಿ ನಿಂತೇಬಿಟ್ಟ. ಹೊಸಿಲ ಮುಂದೆ ಹಿಕ್ಕೆಯ ಗುಡ್ಡೆ! ಒಣಗಿದ್ದರ ಮೇಲೆ ಹಸಿಯದು. ಒಂದು ಹಿಡಿ ತಂದು ತಂಗಿಯ ಅಂಗೈಗೆ ಹಾಕಿದ.

"ನಿನ್ನ ಕುರಿ ಬಂದಿದ್ವು ಕಣವ್ವಾ. ನಡಿ, ಮನಿಗೆ ಹೋಗಾನ."

ಮಾಳವ್ವ ಆ ಹಿಕ್ಕೆಯನ್ನು ಎದೆಗೊತ್ತಿಕೊಂಡು ಅತ್ತಳಂತೆ, ನಕ್ಕಳಂತೆ. ಆಮೇಲೆ, "ದೊಣಿಗೆ ನೀರು ಹಾಕಿಲ್ಲಣ್ಣ" ಅಂದಳಂತೆ. ಅವತ್ತು ಕೊಡ ಹೊತ್ತವನು ಬೀರಣ್ಣ.

ಸರ್ಕಾರದವರು ಅಭಯಾರಣ್ಯ ಎಂದು ಬೋರ್ಡು ನೆಟ್ಟದ್ದು ಮೊನ್ನೆ ಮೊನ್ನೆ. ಬೇಸಿಗೆಯಲ್ಲಿ ಹಟ್ಟಿಯ ಮನೆಮನೆಯಿಂದ ದೊಣೆಗೆ ನೀರು ಹೋಗುವುದು ಮಾತ್ರ ಬೀರಣ್ಣನ ಕಾಲದಿಂದ. ಹೊಸದಾಗಿ ಬಂದ ಸೊಸೆಯಂದಿರು ಕೊಡ ಬಗ್ಗಿಸಿ, ಅವು ಕುಡಿಯುವುದನ್ನು ಒಂದು ಸಲ ನೋಡಿಬಿಡುತ್ತೇನೆ ಎಂದು ಹಟ ಮಾಡುವುದುಂಟು. ಅತ್ತೆಯರು ಬಿಡುವುದಿಲ್ಲ. ಮಾಳವ್ವನೇ ನೋಡಿರಲಿಲ್ಲ, ನಡಿ ನಡಿ ಅನ್ನುತ್ತಾರೆ.